ಬಂಡೆಯ ಲಾವಣಿ

ಬೆಂಗಳೂರಿನಿಂದ ರಜೆಗೆ ಬಂದಿದ್ದ ತಂಗಿಯ ಮಗ ಕಿವಿಯೊಳಗಿನ ಬಿಳಿ ಗುಂಡಿ ತೆಗೆದು, "ಮಾವ, ನಿಮ್ಮೂರಲ್ಲಿ ರಾಕ್ ಇದೆಯಾ?" ಅಂದ. ನಾನು ಕಿಟಕಿ ತೋರಿಸಿದೆ. ಚಿತ್ರದುರ್ಗದಲ್ಲಿ ಯಾವ ಕಿಟಕಿ ತೆರೆದರೂ ಉತ್ತರ ಅದೇ. ಅವನಿಗೆ ಬೇಕಾದದ್ದು ಗಿಟಾರಿನ ರಾಕು. ಅದರಲ್ಲೂ ಮೆಲ್ಲಗೆ ಶುರುವಾಗಿ ಕೊನೆಗೆ ಎದೆ ಗುದ್ದುವ 'ರಾಕ್ ಬ್ಯಾಲಡ್' ಅಂತೆ. ಬ್ಯಾಲಡ್ ಅಂದರೆ ಲಾವಣಿ ತಾನೆ? ಬಂಡೆಯ ಲಾವಣಿ! ಅದನ್ನು ನಾವು 1972ರಲ್ಲೇ ಮಾಡಿ ಮುಗಿಸಿದ್ದೇವೆ ಕಣಪ್ಪ ಅಂದೆ. 'ನಾವು' ಅಂದದ್ದು ಅಭ್ಯಾಸಬಲ. ಮಾಡಿದವರು ಬೇರೆಯವರು, ಬಂಡೆ ಮಾತ್ರ ನಮ್ಮದು.

ಪುಟ್ಟಣ್ಣ ಕಣಗಾಲರು 'ನಾಗರಹಾವು' ತೆಗೆಯಲು ದುರ್ಗಕ್ಕೆ ಬಂದರು. ಕಥೆ ತ.ರಾ.ಸು. ಅವರದು, ಮೂರು ಕಾದಂಬರಿ ಸೇರಿ ಒಂದು ಸಿನಿಮಾ. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ತ.ರಾ.ಸು. ಮುನಿಸಿಕೊಂಡರೆಂಬ ಮಾತು ನಮ್ಮೂರಲ್ಲಿ ಇಂದಿಗೂ ಹರಿದಾಡುತ್ತದೆ. ಅಂಥ ಕಥೆಯೊಳಗೆ ಓಬವ್ವನ ಹಾಡು ಯಾಕೆ? ನಾಯಕ ರಾಮಾಚಾರಿಯ ಸಿಟ್ಟಿಗೂ ಹೈದರಾಲಿಯ ಮುತ್ತಿಗೆಗೂ ಎತ್ತಣ ಸಂಬಂಧ? ಆದರೆ ದುರ್ಗಕ್ಕೆ ಬಂದ ನೆಂಟರನ್ನೇ ಓಬವ್ವನ ಕಿಂಡಿ ತೋರಿಸದೆ ನಾವು ಕಳಿಸುವುದಿಲ್ಲ, ಇನ್ನು ಪುಟ್ಟಣ್ಣನವರನ್ನು ಬಿಡುತ್ತೇವೆಯೆ?

'ಕನ್ನಡ ನಾಡಿನ ವೀರರಮಣಿ'ಯ ಹಾಡನ್ನು ಚಿ. ಉದಯಶಂಕರ್ ಬರೆದರು, ವಿಜಯಭಾಸ್ಕರ್ ರಾಗ ಹಾಕಿದರು, ಪಿ.ಬಿ. ಶ್ರೀನಿವಾಸ್ ಹಾಡಿದರು. ನನಗೆ ಸೋಜಿಗ ಇಲ್ಲೇ. ಯುದ್ಧದ ಹಾಡಿಗೆ ಕೋಟೆ ಬಾಗಿಲು ಒಡೆಯುವಂಥ ಗಂಟಲು ಹುಡುಕುವುದು ರೂಢಿ. ಇವರದೋ ಮಗು ಮಲಗಿಸುವ ಗಂಟಲು, ಹುಟ್ಟೂರು ಆಂಧ್ರದ ಕಾಕಿನಾಡ. ಜಗುಲಿಯ ಮೇಲೆ ಕೂತು ಪಕ್ಕದ ಮನೆಯ ಸುದ್ದಿ ಹೇಳುವವರ ಹಾಗೆ ಶುರುಮಾಡುತ್ತಾರೆ. ಅದೇ ಸರಿ. ಓಬವ್ವನ ಕಥೆ ಶುರುವಾಗುವುದೂ ಮನೆವಾರ್ತೆಯಲ್ಲೇ: ಕಾವಲಿನ ಗಂಡ ಊಟಕ್ಕೆ ಬಂದ, ಹೆಂಡತಿ ನೀರು ತರಲು ತಣ್ಣೀರು ದೋಣಿಗೆ ಹೋದಳು. ಆಮೇಲೆ ಕಿಂಡಿಯಲ್ಲಿ ಶತ್ರುವಿನ ತಲೆ, ಅವಳ ಕೈಯಲ್ಲಿ ಒನಕೆ. ಇಷ್ಟೆಲ್ಲ ನಡೆಯುವಾಗ ಗಂಡ ಉಣ್ಣುತ್ತಲೇ ಇದ್ದ ಎಂಬ ಅಂಶವನ್ನು ನಮ್ಮಮ್ಮ ಎತ್ತುತ್ತಿದ್ದದ್ದು ಸರಿಯಾಗಿ ಅಪ್ಪ ತಟ್ಟೆಯ ಮುಂದೆ ಕೂತಾಗ.

"ಚಾರ್ಟಿನಲ್ಲಿ ಎಷ್ಟನೇ ಸ್ಥಾನ?" ಹುಡುಗನ ಮುಂದಿನ ಪ್ರಶ್ನೆ. ಬಿನಾಕಾ ಗೀತಮಾಲಾ ಹಿಂದಿ ಹಾಡುಗಳಿಗೆ. ನಮಗಿದ್ದದ್ದು ಭದ್ರಾವತಿ ಆಕಾಶವಾಣಿ, ಕೋರಿಕೆಯ ಕಾರ್ಡು. ಅದಕ್ಕೂ ಮೇಲೆ ಮದುವೆ ಮನೆಯ ಧ್ವನಿವರ್ಧಕ. ಹೊಳಲ್ಕೆರೆಯ ಗಣಪತಿ ಮೇಲೆ ಚಾವಣಿಯಿಲ್ಲದೆ ಬಯಲಲ್ಲೇ ಕೂತವನು. ಊರಿನ ಅಷ್ಟೂ ಮದುವೆಗಳ ಹಾಡು ಕೇಳಿಸಿಕೊಂಡಿರುವ ಅವನೇ ಆ ಚಾರ್ಟಿಗೆ ಸಾಕ್ಷಿ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ತುಂಬಿ ಹರಿಯುವುದೇ ಅಪರೂಪವಾದ ಜಿಲ್ಲೆಯಲ್ಲಿ ಐವತ್ತು ವರ್ಷ ಬತ್ತದೆ ಹರಿದದ್ದು ಈ ಹಾಡೊಂದೇ.

ಪುಟ್ಟಣ್ಣನವರು 1974ರಲ್ಲಿ 'ನಾಗರಹಾವಿ'ನ ಕಥೆಯನ್ನು ಹಿಂದಿಗೆ ಒಯ್ದರು. ರಿಷಿ ಕಪೂರ್ ರಾಮಾಚಾರಿಯ ಜಾಗಕ್ಕೆ, ಆರ್.ಡಿ. ಬರ್ಮನ್ ಸಂಗೀತಕ್ಕೆ. 'ಜಹರೀಲಾ ಇನ್ಸಾನ್' ಮಕಾಡೆ ಮಲಗಿತು; ಕಿಶೋರ್ ಕುಮಾರ್ ಹಾಡಿದ 'ಓ ಹಂಸಿನಿ' ಮಾತ್ರ ಇನ್ನೂ ಹಾರುತ್ತಿದೆ.

ನಾನೂ ಓಬವ್ವನ ಹಾಡಿನಲ್ಲಿ ಪಾತ್ರ ಮಾಡಿದ್ದೇನೆ. ಹೊಸದುರ್ಗದ ಕಡೆಯ ಒಂದು ಶಾಲೆಯ ವಾರ್ಷಿಕೋತ್ಸವ. ನಾನು ಹೈದರನ ಏಳನೇ ಸೈನಿಕ. ಒನಕೆ ರಟ್ಟಿನದು ಎಂದಿದ್ದರು. ರಟ್ಟಿನದು ಹಿಂದಿನ ದಿನದ ಮಳೆಗೆ ನೆನೆದಿತ್ತಂತೆ, ಯಾರದೋ ಮನೆಯಿಂದ ನಿಜವಾದದ್ದು ಬಂದಿತ್ತು. ಐದನೇ ಸೈನಿಕ ಪೆಟ್ಟು ತಿಂದು ಕೂಗಿದ್ದನ್ನು ಸಭಿಕರು ನಟನೆಯೆಂದು ಚಪ್ಪಾಳೆ ತಟ್ಟಿದರು. ಆರು ಮತ್ತು ಏಳನೆಯವರು ಯುದ್ಧ ಬಿಟ್ಟು ಓಡಿದೆವು.

ನಮಗೆ ಓಬವ್ವನ ಮುಖವೆಂದರೆ ತೆರೆಯ ಮೇಲಿನ ಜಯಂತಿಯ ಮುಖ. ಅವರು ತೀರಿಕೊಂಡದ್ದು 2021ರ ಜುಲೈನಲ್ಲಿ. ಅದೇ ವರ್ಷದ ನವೆಂಬರ್ 11ಕ್ಕೆ ಸರ್ಕಾರ ಓಬವ್ವನ ಜಯಂತಿ ಶುರುಮಾಡಿತು.

ಹುಡುಗನನ್ನು ಕೋಟೆಗೆ ಕರೆದುಕೊಂಡು ಹೋದೆ. ಅವನು ಕಿಂಡಿಯೊಳಗೆ ನಿಂತು ಮೊಬೈಲಿನಲ್ಲಿ ಹಾಡು ಹಾಕಿ, ಮುಗಿಯುವ ತನಕ ಅಲ್ಲಾಡಲಿಲ್ಲ. ನೀವೂ ಬನ್ನಿ, ಹಾಡೂ ಹಾಕಿ. ಆದರೆ ಒಂದು ಪಕ್ಕಕ್ಕೆ ನಿಲ್ಲಿ; ಅಲ್ಲಿ ಒಂದು ಸಲಕ್ಕೆ ಒಬ್ಬರೇ ತೂರಲು ಸಾಧ್ಯ, ಹಿಂದೆ ಜನ ಕಾಯುತ್ತಿರುತ್ತಾರೆ.