412ರ ಮುಂದೆ ಯಾರು?

ಘೋಡಗೇರಿಯಂಥ ಊರಿನಲ್ಲಿ ಲಗ್ನ ಗೊತ್ತಾಯಿತೆಂದರೆ ಬೀಗರು ಗೋಕಾಕದಲ್ಲಿ, ಅಕ್ಕ-ಮಾವ ಮೂಡಲಗಿಯಲ್ಲಿ, ಉಳಿದವರು ಹುಕ್ಕೇರಿಯ ಸುತ್ತ. ಎಂಟುನೂರು ಲಗ್ನಪತ್ರಿಕೆಗೆ ವಿಳಾಸದ ಚೀಟಿ ಪ್ರಿಂಟಾಗಬೇಕು. ನಡುವೆ ಕರೆಂಟು ಹೋಗುತ್ತದೆ. ಕರೆಂಟಿದ್ದರೆ ಕಾಗದ ಸಿಕ್ಕಿಕೊಳ್ಳುತ್ತದೆ. ಎರಡೂ ನೆಟ್ಟಗಿದ್ದರೆ ಚಹಾ ಬರುತ್ತದೆ. ಮತ್ತೆ ಶುರು ಮಾಡುವಾಗ ಎಲ್ಲರೂ ಕಂಪ್ಯೂಟರಿನ ಮುಖ ನೋಡುತ್ತಾರೆ, ಎಡವಟ್ಟಾಗುವುದು ಅಲ್ಲೇ. ಅದು 412 ಅಂದರೆ ಅಷ್ಟು ಕಳಿಸಿದ್ದೇನೆ ಎಂದರ್ಥ, ಅಷ್ಟು ಅಚ್ಚಾಗಿವೆ ಎಂದಲ್ಲ. ಕಳಿಸಿದ್ದರಲ್ಲಿ ಒಂದಷ್ಟು ಪ್ರಿಂಟರಿನ ಹೊಟ್ಟೆಯಲ್ಲಿ ಸರದಿ ಕಾಯುತ್ತಿರುತ್ತವೆ. ಕರೆಂಟು ಹೋದೊಡನೆ ಅವೂ ಹೋದವು. ನಂಬಿ 413ರಿಂದ ಹೊರಟರೆ ನಡುವಿನ ಏಳೆಂಟು ಮನೆಗಳಿಗೆ ಕರೆಯೇ ಇಲ್ಲ. ಆದ್ದರಿಂದ ಕೈಗೆ ಬಂದ ಕೊನೆಯ ಚೀಟಿ ಓದಿ, ಅದರಿಂದಲೇ ಮತ್ತೆ ಶುರು ಮಾಡಬೇಕು. ಅದೂ ಅರ್ಧ ಅಚ್ಚಾಗಿರುವುದುಂಟು.

ಹಾಗಾದರೆ ಒಂದೇ ಮನೆಗೆ ಎರಡು ಪತ್ರಿಕೆ ಹೋಗುವುದಿಲ್ಲವೇ ಅನ್ನಬಹುದು. ಹೋಗಲಿ, ನಕ್ಕು ಸುಮ್ಮನಾಗುತ್ತಾರೆ. ಒಂದೂ ಹೋಗದ ಮನೆಯವರು ನಗುವುದಿಲ್ಲ, ಮುಂದಿನ ಮೂರು ಲಗ್ನದವರೆಗೆ ನೆನಪಿಡುತ್ತಾರೆ. ಚೀಟಿಯ ಮೂಲೆಯಲ್ಲಿ ಸಣ್ಣಗೆ ನಂಬರು ಹಾಕಿಸಿದ್ದರೆ ಸ್ಟಾಂಪು ಹಚ್ಚುವ ಮೊದಲೇ ಎರಡೆರಡು 405 ಸಿಕ್ಕಿಬೀಳುತ್ತವೆ. ಹೆಸರು ನೋಡಿಯೇ ಜಾಗ ಹುಡುಕುತ್ತೇವೆ ಎನ್ನುವವರು ನಮ್ಮ ಕಡೆಯ ಪಟ್ಟಿಯನ್ನೊಮ್ಮೆ ನೋಡಬೇಕು: ಪಾಟೀಲರ ಕೆಳಗೆ ಪಾಟೀಲರು, ಅವರ ಕೆಳಗೂ ಪಾಟೀಲರು! ಈಗಿನ ಪ್ರಿಂಟರು ತಾನೇ ನೆನಪಿಟ್ಟು ಹಾಳೆ ಮತ್ತೆ ಅಚ್ಚು ಹಾಕುತ್ತದೆ ಎಂಬ ಮಾತು ಸಿಕ್ಕಿಬಿದ್ದ ಕಾಗದದ ಮಟ್ಟಿಗೆ ಎಷ್ಟೋ ಸಲ ನಿಜ. ಕರೆಂಟು ಹೋಗಿ ಬಂದಾಗ ಅದು ಎಲ್ಲ ಮರೆಯಲೂಬಹುದು, ಕಂಪ್ಯೂಟರು ಉತ್ಸಾಹದಿಂದ ಒಂದರಿಂದಲೇ ಶುರು ಹಚ್ಚಲೂಬಹುದು. ಯಂತ್ರಕ್ಕಿಂತ ದೊಡ್ಡ ಅಡಚಣೆ, ನಡುವೆ ಬಂದು ಮರೆತ ನಾಲ್ಕು ಹೆಸರು ಸೇರಿಸುವ ಕಾಕಾ. ಪಟ್ಟಿ ಅಕಾರಾದಿಯಲ್ಲಿದ್ದರೆ ಆಮೇಲಿನ 412 ಹಳೆಯ 412 ಅಲ್ಲ. ಕಾಕಾನ ಹೆಸರುಗಳು ಎಷ್ಟೇ ದೊಡ್ಡವರದಿರಲಿ, ಪಟ್ಟಿಯ ತಳಕ್ಕೇ ಸೇರಬೇಕು.

ಇನ್ನೂ ಹಗುರಾಗಬೇಕೆಂದರೆ 1972ರಲ್ಲಿ ಬಂದ ಪಿನ್‌ಕೋಡು ಇದೆ. ಗೋಕಾಕ 591307, ಹುಕ್ಕೇರಿ 591309, ಮೂಡಲಗಿ 591312. ಒಂದೊಂದು ಪಿನ್ನಿಗೆ ಒಂದೊಂದು ಕಟ್ಟು ಮಾಡಿ ಪ್ರಿಂಟ್ ಹಾಕಿದರೆ ಕೆಡುವುದು ಒಂದೇ ಕಟ್ಟು. ಕಳಿಸಿದ್ದನ್ನಲ್ಲ, ಕೈಗೆ ಬಂದದ್ದನ್ನೇ ಎಣಿಸುವುದೇನು ಹೊಸ ವಿದ್ಯೆಯಲ್ಲ. ಕಣದಲ್ಲಿ ರಾಶಿ ಅಳೆಯುವವ ‘ಒಂದು’ ಅನ್ನದೆ ‘ಲಾಭ’ ಎಂದು ಶುರು ಮಾಡಿ, ಮುಂದಿನ ಅಳತೆ ತುಂಬುವವರೆಗೂ ಅದನ್ನೇ ಬಾಯಲ್ಲಿ ಹೊರಳಿಸುತ್ತಿರುತ್ತಾನೆ. ಅವನು ಹೇಳುವುದು ಚೀಲಕ್ಕೆ ಸುರಿದದ್ದರ ಲೆಕ್ಕ, ಕೈಯಲ್ಲಿ ತುಂಬುತ್ತಿರುವುದರದ್ದಲ್ಲ. ನಡುವೆ ಯಾರಾದರೂ ಚಹಾ ತಂದರೆ ಕಣ್ಣಲ್ಲೇ ಕೂರಿಸುತ್ತಾನೆ.