ಹಿಂದಿನಿಂದ ಹಾರ್ನ್ ಹೊಡೆದ ಮಹಾಶಯರಿಗೆ

ಕಳೆದ ಮಂಗಳವಾರ ಬೆಳಿಗ್ಗೆ ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಬಿಳಿ ಕಾರಿನೊಳಗೆ ಕೂತು ನನ್ನ ಬೆನ್ನಿಗೆ ಹಾರ್ನ್ ಒತ್ತಿದ ಮಹಾಶಯರ ಸನ್ನಿಧಾನಕ್ಕೆ, ಎಲೆಕ್ಟ್ರಿಕ್ ಸೈಕಲ್ಲಿನವನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಸಾಷ್ಟಾಂಗ ಎನ್ನುವುದು ಕಾಗದದ ಮರ್ಯಾದೆಗೆ ಬರೆದ ಮಾತಲ್ಲ. ಅವತ್ತು ನಿಮ್ಮ ಹಾರ್ನಿಗೆ ಬೆಚ್ಚಿ ಎಡಕ್ಕೆ ಎಳೆದುಕೊಂಡೆನಲ್ಲ, ಅಲ್ಲಿ ಮಳೆನೀರು ಇಳಿಯುವ ಕಬ್ಬಿಣದ ಜಾಲರಿಯೊಂದಿತ್ತು. ಸರಳುಗಳನ್ನು ರಸ್ತೆಗೆ ಅಡ್ಡಲಾಗಿ ಕೂರಿಸುವ ಬದಲು ಉದ್ದಕ್ಕೆ ಕೂರಿಸಿದ್ದಾರೆ. ನಿಮ್ಮ ಟಯರಿಗೆ ಅಂಥದ್ದು ಗೊತ್ತೂ ಆಗುವುದಿಲ್ಲ. ನನ್ನದು ಎರಡು ಬೆರಳಗಲದ ಟಯರು, ಸೀದಾ ಸಂದಿಗೆ ಇಳಿಯಿತು. ಆಮೇಲೆ ಎಂಟು ಅಂಗಗಳೂ ಸರದಿಯ ಮೇಲೆ ನೆಲ ಮುಟ್ಟಿದವು. ತಾವು ಅವಸರದಲ್ಲಿ ಹೊರಟುಹೋದದ್ದರಿಂದ ಆಶೀರ್ವಾದವೊಂದು ಬಾಕಿಯಿದೆ.

ಉಭಯ ಕುಶಲೋಪರಿ. ಮೊಣಕಾಲಿನ ಗಾಯಕ್ಕೆ ಹಕ್ಕಳೆ ಕಟ್ಟಿದೆ. ಬ್ಯಾಟರಿ ಕ್ಷೇಮ. ಮನೆಯವಳು ವಿಚಾರಿಸಿದ್ದೂ ಬ್ಯಾಟರಿಯನ್ನೇ ಮೊದಲು, ಅದರ ಬೆಲೆ ಅವಳಿಗೆ ಗೊತ್ತು.

ಗಾಜು ಇಳಿಸಿ ನೀವು ಕೂಗಿದ ಪ್ರಶ್ನೆ ಮಾತ್ರ ಇವತ್ತಿಗೂ ತಲೆಯಲ್ಲಿ ಸುತ್ತುತ್ತಿದೆ. ‘ಏನ್ರೀ ಇದು, ಸೈಕಲ್ಲಾ ಗಾಡೀನಾ?’ ಅಂದಿರಿ. ನೆಲದ ಮೇಲೆ ಮಲಗಿದ್ದವನಿಗೆ ಉತ್ತರಿಸಲು ಆಗಲಿಲ್ಲ, ಕ್ಷಮೆಯಿರಲಿ. ಈಗ ಕೂತು ಬರೆಯುತ್ತಿದ್ದೇನೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಶಕ್ತಿ 250 ವಾಟ್‌ಗಿಂತ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆಯಿದ್ದು, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದ ಬ್ಯಾಟರಿ ಗಾಡಿ ಮೋಟಾರು ವಾಹನವೇ ಅಲ್ಲ. ನಂಬರ್ ಪ್ಲೇಟ್ ಬೇಡ, ಲೈಸೆನ್ಸ್ ಬೇಡ. ಹಾಗಾದರೆ ಸೈಕಲ್ಲೇ? ಸೈಕಲ್ಲಿನವರು ಒಪ್ಪುವುದಿಲ್ಲ. ಭಾನುವಾರ ಬೆಳಿಗ್ಗೆ ಬಿಗಿ ಚಡ್ಡಿ ಹಾಕಿ ನಂದಿ ಬೆಟ್ಟ ಹತ್ತುವವರು ನನ್ನ ಬ್ಯಾಟರಿ ನೋಡಿ, ಮಡಿಯಲ್ಲಿದ್ದವರು ಮೈಲಿಗೆಯವರನ್ನು ನೋಡಿದ ಹಾಗೆ ನೋಡುತ್ತಾರೆ. ಉಪನಿಷತ್ತಿನವರು ಬ್ರಹ್ಮವಸ್ತುವನ್ನು ಹುಡುಕುತ್ತ ಇದಲ್ಲ, ಇದೂ ಅಲ್ಲ ಅಂದರಂತೆ. ಅವರಿಗೆ ಕೊನೆಗೆ ಬ್ರಹ್ಮವಾದರೂ ಉಳಿಯಿತು. ನನಗೆ ಉಳಿದದ್ದು ರಸ್ತೆಯ ಎಡತುದಿಯ ಒಂದೂವರೆ ಅಡಿ, ಅದೂ ಜಾಲರಿ ಸಮೇತ.

ನೋಡಿ, ನಿಮ್ಮದೇನೂ ತಪ್ಪಿಲ್ಲ. ಇದು ವಾಹನವಲ್ಲ ಎಂದು ಸರ್ಕಾರವೇ ಬರೆದುಕೊಟ್ಟಿದೆ, ನೀವು ಅದನ್ನು ಅಕ್ಷರಶಃ ಪಾಲಿಸುತ್ತಿದ್ದೀರಿ. ವಾಹನವೇ ಅಲ್ಲದ್ದಕ್ಕೆ ಯಾರಾದರೂ ಜಾಗ ಬಿಡುತ್ತಾರೆಯೇ? ಇಷ್ಟು ಕಾನೂನುಬದ್ಧರಾದ ಚಾಲಕರು ಬೇರಾವ ಊರಿನಲ್ಲಿ ಸಿಕ್ಕಾರು!

ನಮ್ಮಪ್ಪನ ಕಾಲ ಬೇರೆ ಇತ್ತು. ಅವರ ರ‍್ಯಾಲಿ ಸೈಕಲ್ಲಿಗೆ ಮುನಿಸಿಪಾಲಿಟಿಯವರು ವರ್ಷವರ್ಷವೂ ತೆರಿಗೆ ಕಟ್ಟಿಸಿಕೊಂಡು ಒಂದು ಬಿಲ್ಲೆ ಕೊಡುತ್ತಿದ್ದರು. ಬಿಲ್ಲೆ ಇಲ್ಲದಿದ್ದರೆ ದಂಡ, ಕತ್ತಲಾದ ಮೇಲೆ ಡೈನಮೋ ಉರಿಯದಿದ್ದರೆ ದಂಡ, ಡಬಲ್ಸ್ ಹೊಡೆದರೆ ದಂಡ. ಪೊಲೀಸರು ಮೂಲೆಯಲ್ಲಿ ನಿಂತಿದ್ದರೆ ಹಿಂದೆ ಕೂತ ನಾನು ಹಾರಿ ಇಳಿದು, ಅಪ್ಪನ ಪರಿಚಯವೇ ಇಲ್ಲದವನಂತೆ ನಡೆದು, ತಿರುವು ದಾಟಿದ ಮೇಲೆ ಮತ್ತೆ ಹತ್ತಬೇಕಿತ್ತು. ಬೈಯುವುದಕ್ಕಾದರೂ ಸೈಕಲ್ಲು ಅವರ ಕಣ್ಣಿಗೆ ಬೀಳುತ್ತಿತ್ತು. ಈಗ ಬ್ಯಾಟರಿ, ಡಿಸ್ಕ್ ಬ್ರೇಕು, ಮಿಣುಕುವ ಕೆಂಪು ದೀಪ ಎಲ್ಲ ಇರುವ ನನ್ನನ್ನು ಯಾವ ಪೊಲೀಸರೂ ತಡೆದಿಲ್ಲ. ಒಮ್ಮೆ ನಾನೇ ನಿಲ್ಲಿಸಿ ನಮಸ್ಕಾರ ಅಂದೆ. ಅವರು ನನ್ನ ಹಿಂದಿದ್ದ ಸ್ಕೂಟರನ್ನು ಹಿಡಿದರು.

ಶಕ್ತಿಯ ವಿಷಯಕ್ಕೂ ನಿಮಗೆ ಅನುಮಾನವಿದ್ದಂತಿತ್ತು. ಒಂದು ಅಶ್ವಶಕ್ತಿಯೆಂದರೆ ಸುಮಾರು 746 ವಾಟ್. ನನ್ನದು 250ಕ್ಕೆ ಕೂದಲೆಳೆಯಷ್ಟು ಕಡಿಮೆ. ಲೆಕ್ಕ ಹಾಕಿದರೆ ಮೂರನೇ ಒಂದು ಕುದುರೆ. ಯಾವ ಮೂರನೇ ಒಂದು ಭಾಗ ಎಂಬ ಬಗ್ಗೆ ನನಗೂ ಕುತೂಹಲವಿತ್ತು. ಮಾರತ್ತಹಳ್ಳಿ ಸೇತುವೆಯ ಏರಿನಲ್ಲಿ ಖಾತ್ರಿಯಾಯಿತು, ಕಾಲುಗಳಂತೂ ಅಲ್ಲ.

ಶೋರೂಮಿನ ಹುಡುಗ ಒಳ್ಳೆಯವನು. ‘ಸಾರ್, ಒಂದು ವೈರ್ ಕಟ್ ಮಾಡಿದ್ರೆ ನಲವತ್ತು ಹೋಗುತ್ತೆ’ ಎಂದು ಪಿಸುಗುಟ್ಟಿದ್ದ. ಒಂದೇ ವೈರು! ಅದನ್ನು ಕತ್ತರಿಸಿದ ಕ್ಷಣವೇ ನಾನು ಕಾನೂನಿನ ಕಣ್ಣಿನಲ್ಲಿ ಪೂರ್ಣಪ್ರಮಾಣದ ವಾಹನವಾಗಿ, ರಿಜಿಸ್ಟ್ರೇಷನ್ನು, ಇನ್ಶೂರೆನ್ಸು, ಹೆಲ್ಮೆಟ್ಟಿನ ದಂಡಗಳಿಗೆಲ್ಲ ಪಾತ್ರನಾಗುತ್ತಿದ್ದೆ. ಅಸ್ತಿತ್ವ ಅಷ್ಟು ಹತ್ತಿರದಲ್ಲಿದೆ ಎಂದು ತಿಳಿದ ಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಸುಳ್ಳೇಕೆ ಹೇಳಲಿ, ಇಕ್ಕಳ ಕೈಗೆತ್ತಿಕೊಂಡದ್ದೂ ಉಂಟು.

ಆದರೆ ಇಪ್ಪತ್ತೈದೇ ಜಾಸ್ತಿಯಾಗುತ್ತಿದೆ ಎಂಬುದು ರಸ್ತೆಗಿಳಿದ ಮೇಲೆ ಗೊತ್ತಾಯಿತು. ನಿಮ್ಮ ಕಣ್ಣಿಗೆ ಕಾಣುವುದು ಸೈಕಲ್ಲು. ಸೈಕಲ್ಲು ಎಂದರೆ ಹಾಲಿನವನ ಸೈಕಲ್ಲು, ಹತ್ತು ಹನ್ನೆರಡರಲ್ಲಿ ಬರುತ್ತದೆ ಎಂದು ನಿಮ್ಮ ಮನಸ್ಸು ಲೆಕ್ಕ ಹಾಕಿಬಿಡುತ್ತದೆ. ‘ಇವನು ಬರೋಷ್ಟರಲ್ಲಿ ತಿರುಗಿಬಿಡೋಣ’ ಎಂದು ನೀವು ಎಡಕ್ಕೆ ಕತ್ತರಿಸುತ್ತೀರಿ. ಅಷ್ಟರಲ್ಲಿ ನಾನು ಬಂದೇ ಬಿಟ್ಟಿರುತ್ತೇನೆ. ಬಸ್ಸು, ಲಾರಿಯವರು ಹಾಗೆ ತಿರುಗಿದರೆ ಕತೆ ಇನ್ನೂ ಚಿಕ್ಕದು. ಅವರ ಎಡಗಡೆಯಲ್ಲಿ ಕನ್ನಡಿಗೂ ಸಿಗದ ಒಂದು ಜಾಗವಿದೆ, ನಮ್ಮನ್ನು ಓಡಿಸಿಕೊಂಡು ಬಂದು ನಿಲ್ಲಿಸುವುದೂ ಅದೇ ಜಾಗದಲ್ಲಿ. ಸಿಗ್ನಲ್ಲಿನಲ್ಲಿ ನಾನು ಎಲ್ಲರಿಗಿಂತ ಮುಂದೆ ಹೋಗಿ ಡ್ರೈವರ್ ಮುಖ ಕಾಣುವ ಹಾಗೆ ನಿಲ್ಲುವುದನ್ನು ನೋಡಿ ನೀವು ಕೊಬ್ಬು ಅಂದುಕೊಂಡಿದ್ದೀರಿ. ಪುಕ್ಕಲುತನ ಸ್ವಾಮಿ.

ಇನ್ನು ಕಾರಿನ ಬಾಗಿಲು. ಲಾರಿಯಾದರೆ ಸದ್ದು ಮಾಡಿಕೊಂಡು ಬರುತ್ತದೆ, ಬಾಗಿಲು ಮೌನವಾಗಿ ತೆರೆಯುತ್ತದೆ. ಹಿಂದಿನ ಸೀಟಿನಲ್ಲಿ ಕೂತವರು ಫೋನಿನಲ್ಲಿ ಮಾತಾಡುತ್ತ ಎಡಗೈಯಿಂದ ಎಡಗಡೆಯ ಬಾಗಿಲು ತಳ್ಳುತ್ತಾರೆ, ಅದು ನನ್ನ ಎದೆಯ ಎತ್ತರಕ್ಕೆ ಸರಿಯಾಗಿ ಬರುತ್ತದೆ. ಡಚ್ಚರು ಇದಕ್ಕೊಂದು ಉಪಾಯ ಕಲಿಸುತ್ತಾರೆ: ಬಾಗಿಲಿಗೆ ದೂರವಿರುವ ಕೈಯಿಂದ ತೆರೆಯಿರಿ ಎಂದು. ಎಡಬಾಗಿಲಿಗೆ ಬಲಗೈ ಚಾಚಿದರೆ ಮೈ ತಾನೇ ತಿರುಗುತ್ತದೆ, ಕಣ್ಣು ಹಿಂದಕ್ಕೆ ಹೋಗುತ್ತದೆ, ಬರುವವನು ಕಾಣುತ್ತಾನೆ. ಇದನ್ನು ಕಲಿಯಲು ಹಾಲೆಂಡಿಗೇನೂ ಹೋಗಬೇಕಿಲ್ಲ. ಎಲ್ಲಕ್ಕೂ ಬಲಗೈ ಮುಂದು ಮಾಡು ಎಂದು ನಮ್ಮಜ್ಜಿ ಕೈಗೆ ಹೊಡೆದು ಹೊಡೆದು ಹೇಳಿದ್ದಳು, ಪಾಪ, ಆಕೆ ಕಾರು ಹತ್ತಿದವಳೇ ಅಲ್ಲ. ಚಾಲಕರಾದ ತಾವು ಮಾತ್ರ ಬಲಬಾಗಿಲನ್ನು ಎಡಗೈಯಿಂದ ತೆರೆಯಬೇಕು. ಅಜ್ಜಿಯ ಪರವಾಗಿ ಆ ಒಂದು ರಿಯಾಯಿತಿ ಕೊಟ್ಟಿದ್ದೇನೆ.

‘ನಿಮಗೆ ಅಂತ ಬೇರೆ ಲೇನ್ ಇಲ್ವಾ?’ ಎಂದೂ ಕೇಳಿದಿರಿ. ಇತ್ತು. ನಮ್ಮ ನಾಡಿನಲ್ಲಿ ಗೂಟದ ಕಾರಿಗೆ ಇದ್ದ ಮರ್ಯಾದೆ ನಿಮಗೆ ಗೊತ್ತೇ ಇದೆ. 2017ರಲ್ಲಿ ಮಂತ್ರಿಗಳ ಕಾರಿನ ನೆತ್ತಿಯಿಂದ ಗೂಟ ಇಳಿಯಿತು. 2020ರಲ್ಲಿ ಗೂಟದ ಯೋಗ ಸೈಕಲ್ಲಿಗೆ ಬಂತು. ಕೊರೊನಾ ಕಾಲದಲ್ಲಿ ಇದೇ ಔಟರ್ ರಿಂಗ್ ರೋಡಿನಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಗೂಟ ನೆಟ್ಟು ಸೈಕಲ್ಲಿಗೆಂದೇ ಪಥ ಮಾಡಿದರು. ಬೈಕಿನವರು ಅದನ್ನು ತಮಗೆ ಬಂದ ಬಳುವಳಿಯೆಂದು ತಿಳಿದು ನುಗ್ಗಿದರು. ಗೂಟಗಳು ಒಂದೊಂದಾಗಿ ಬಾಗಿದವು, ಮುರಿದವು. ಕೊನೆಗೆ ಮೆಟ್ರೋ ಕಾಮಗಾರಿ ಬಂದು ಪಥದ ಮೇಲೇ ತಗಡು ನಿಲ್ಲಿಸಿತು. ಜಯನಗರದಲ್ಲಿ ಅದಕ್ಕೂ ಮೊದಲೇ ಸೈಕಲ್ ಪಥ ಮಾಡಿದ್ದರು. ಅಲ್ಲಿ ನಿಲ್ಲಿಸಿದ ಕಾರುಗಳ ಸಾಲು ನೋಡಿದರೆ, ಸೈಕಲ್ಲಿನ ಚಿತ್ರಕ್ಕೆ ನೆರಳಾಗಲಿ ಎಂದು ನಿಲ್ಲಿಸಿದ್ದಾರೇನೋ ಅನ್ನಿಸುತ್ತದೆ.

ಅಷ್ಟಕ್ಕೂ ನಿಮಗಿದ್ದ ಅವಸರವೇನು? ಟಾಮ್‌ಟಾಮ್ ಎಂಬ ನಕಾಶೆ ಕಂಪನಿ ಊರೂರಿನ ಟ್ರಾಫಿಕ್ಕನ್ನು ಅಳೆಯುತ್ತದೆ. ಅದರ 2024ರ ಲೆಕ್ಕದಲ್ಲಿ ಬೆಂಗಳೂರಿನೊಳಗೆ 10 ಕಿಲೋಮೀಟರ್ ದಾಟಲು ಸರಾಸರಿ 34 ನಿಮಿಷ 10 ಸೆಕೆಂಡು ಬೇಕಾಗಿತ್ತು. ಅಂದರೆ ಗಂಟೆಗೆ ಹದಿನೇಳೂವರೆ ಕಿಲೋಮೀಟರು. ನೂರು ಕುದುರೆ ಕಟ್ಟಿದ ರಥದಲ್ಲಿ ತಾವು ಹದಿನೇಳೂವರೆ, ಮೂರನೇ ಒಂದು ಕುದುರೆಯ ಮೇಲೆ ನಾನು ಇಪ್ಪತ್ತು ಇಪ್ಪತ್ತೆರಡು. ದಾರಿ ಬಿಡಿ ಎಂದು ಹಾರ್ನ್ ಹೊಡೆಯಬೇಕಾದವರು ಯಾರು, ಪಂಚಾಯಿತಿ ಕರೆಯೋಣವೇ?

ಲಾರಿಗಳ ಹಿಂದೆ ‘ಸೌಂಡ್ ಹಾರ್ನ್’ ಎಂದು ಬರೆದಿರುತ್ತದೆ, ಕೇಳಿದವರಿಗೆ ಕೊಡುವುದು ಧರ್ಮ. ನನ್ನ ಬೆನ್ನ ಮೇಲೆ ಹಾಗೇನೂ ಬರೆದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಆ ವರ್ಷದ ಅಪಘಾತಗಳಲ್ಲಿ ಐದಕ್ಕೆ ಒಂದಕ್ಕಿಂತ ಹೆಚ್ಚು ಹಿಂದಿನಿಂದ ಬಂದು ಗುದ್ದಿದವೇ. ಇಲ್ಲಿ ತಮಾಷೆ ಮಾಡಲು ನನಗೆ ಬರುತ್ತಿಲ್ಲ. ನೀವು ಇರುವುದು ನನ್ನ ಹಿಂದೆ. ನನಗೆ ಬೆನ್ನಲ್ಲಿ ಕಣ್ಣಿಲ್ಲ, ನಿಮಗೆ ಮುಖದಲ್ಲಿ ಎರಡಿವೆ.

ನಾನೂ ಸಾಚಾ ಅಲ್ಲ. ಯೂಟರ್ನ್ ದೂರವಾದಾಗ ಎದುರು ದಿಕ್ಕಿನಲ್ಲಿ ಬಂದಿದ್ದೇನೆ. ಫುಟ್‌ಪಾತ್ ಹತ್ತಿ, ತರಕಾರಿ ಚೀಲ ಹಿಡಿದ ಹೆಂಗಸೊಬ್ಬರಿಗೆ ಹಿಂದಿನಿಂದ ಗಂಟೆ ಬಾರಿಸಿದ್ದೇನೆ. ಅವರು ತಿರುಗಿ ನೋಡಿದ ನೋಟ, ಬಹುಶಃ ನಾನು ನಿಮ್ಮನ್ನು ನೆಲದ ಮೇಲಿಂದ ನೋಡಿದ್ದಂಥದ್ದೇ ಇತ್ತು. ಅವರಿಗೊಂದು ಪತ್ರ ಬರೆಯುವುದು ಬಾಕಿಯಿದೆ.

ಸೋಮವಾರದಿಂದ ಮತ್ತೆ ಅದೇ ದಾರಿ, ಅದೇ ಎಂಟೂಮುಕ್ಕಾಲು. ತಾವು ಬಿಳಿ ಕಾರಿನಲ್ಲಿ ಯಾವುದಾದರೊಂದು ಸಿಗ್ನಲ್ಲಿನಲ್ಲಿ ಹೇಗೂ ನಿಂತಿರುತ್ತೀರಿ.

ಇಂತಿ ತಮ್ಮ ಎಡಬದಿಯ,
ವಾಹನವಲ್ಲದವನು

ವಿ.ಸೂ.: ಬಿದ್ದಾಗ ನನ್ನ ಗಂಟೆಯ ಮುಚ್ಚಳ ಕಳಚಿ ಉರುಳುತ್ತ ನಿಮ್ಮ ಕಾರಿನ ಅಡಿಗೆ ಹೋಯಿತು. ಹಿತ್ತಾಳೆಯದು, ಅಪ್ಪನ ರ‍್ಯಾಲಿಯಿಂದ ಬಿಚ್ಚಿ ಹಾಕಿಕೊಂಡದ್ದು. ಎಲ್ಲಾದರೂ ಸಿಕ್ಕಿಕೊಂಡಿದ್ದರೆ ಸಿಗ್ನಲ್ಲಿನಲ್ಲಿ ಎಡಗಡೆಯ ಗಾಜು ಇಳಿಸಿ ಕೊಡಿ. ಬಾಗಿಲು ತೆರೆಯಬೇಡಿ.