ನೊಣ ತಿನ್ನುವ ಗಿಡದ ಬಾಣಂತನ

ನಮ್ಮದು ಕೆರೂರ. ಮಾವಿನಹಣ್ಣಿನ ಕಾಲ ಬಂತೆಂದರೆ ಮನೆಯಲ್ಲಿ ನಮಗಿಂತ ನೊಣಗಳೇ ಹೆಚ್ಚು. ಅದಕ್ಕೇ ಕೀಟ ತಿನ್ನುವ ಡ್ರೋಸೆರಾ ಬೀಜ ತರಿಸಿದೆ. ಪಶ್ಚಿಮಘಟ್ಟದ ಕಡೆ ತೇವದ ಬಡ ನೆಲದಲ್ಲಿ ತಾನಾಗಿ ಹುಟ್ಟಿ, ಸಾರಜನಕದ ಕೊರತೆಯನ್ನು ನುಸಿ ತಿಂದು ನೀಗಿಸಿಕೊಳ್ಳುವ ಜಾತಿ. ಗೊಬ್ಬರದ ಮಣ್ಣು ಆಗಿಬರುವುದಿಲ್ಲ. ಹಾಗಾದರೆ ಮಣ್ಣೇ ಬೇಡವೆಂದು ಒದ್ದೆ ಟಿಶ್ಯೂ ಕಾಗದದ ಮೇಲೆ ಉದುರಿಸಿದೆ. ಬೀಜವೋ, ನಶ್ಯದ ಪುಡಿ! ಮೊದಲ ಸೀನಿಗೇ ಅರ್ಧ ಬೆಳೆ ಹಾರಿತು.

ನಮ್ಮ ಬೋರಿನ ನೀರು ಪಾತ್ರೆಗೇ ಬಿಳಿ ಅಂಗಿ ತೊಡಿಸುವಂಥದ್ದು. ಈ ಗಿಡಕ್ಕೆ ಲವಣ ಆಗದು. 1875ರಲ್ಲಿ ಇಂಥ ಸಸ್ಯಗಳ ಮೇಲೆ ಇಡೀ ಪುಸ್ತಕ ಬರೆದ ಡಾರ್ವಿನ್ ನಮ್ಮ ಬೋರು ನೋಡಿರಲಿಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದೆ.

“ನಮಗ ಬೋರಿನ ನೀರು, ಅದಕ್ಕ ಬಾಟ್ಲಿ ನೀರೇನಪಾ?” ಅವ್ವ ಕೇಳಿದಳು. ಮಡಕಿಕಾಳನ್ನು ಅರಿವೆಯಲ್ಲಿ ಕಟ್ಟಿ ಬೆಳಗಾಗುವುದರೊಳಗೆ ಮೊಳಕೆ ತರಿಸುವವಳು ಆಕೆ. “ಗಂಟು ಕಟ್ಟಿ ಕತ್ತಲದಾಗ ಇಡು.”

“ಇದಕ್ಕ ಬೆಳಕು ಬೇಕವ್ವಾ.”

“ನಾಚಿಕಿಲ್ಲದ್ದು!”

28ನೆಯ ದಿನ ಭೂತಗನ್ನಡಿ ಹಿಡಿದೆ: ಎರಡು ಹಸಿರು ಚುಕ್ಕಿ! ಮನೆಮಂದಿಯನ್ನೆಲ್ಲ ಕೂಗಿದೆ. ಅವರು ಬರುವಷ್ಟರಲ್ಲಿ ನೊಣವೊಂದು ಬಂದು, ಎರಡರ ಮೇಲೂ ಕೂತು, ಆರಾಮಾಗಿ ಕೈ ಉಜ್ಜಿಕೊಳ್ಳುತ್ತಿತ್ತು.